ತೋರಿಸದ ಹುಣ್ಣು

ಅಕ್ಕಲಕೋಟೆಯ ಪೇಟೆಯಲ್ಲಿ ಅಂಗಡಿಗಳ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸುವ ಸದ್ದು, ಧಡ್, ಧಡ್, ಕೇಳಿಸುವ ಹೊತ್ತಿಗೆ ಕಸ್ತೂರಬಾಯಿ ಹಿತ್ತಲ ಕಲ್ಲಿನ ಮೇಲೆ ಕುಳಿತು ಮಿಶ್ರಿ ತಿಕ್ಕುತ್ತಿದ್ದಳು. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಸುಟ್ಟು ಅರೆದ ಆ ಪುಡಿ ಹಲ್ಲಿಗೆ ಹತ್ತದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ತವರಿನಲ್ಲಿ ಕಲಿತದ್ದು. ತಂಗಿ ನೀಲಗಂಗಾಳೂ ಅದೇ ಡಬ್ಬಿಗೆ ಬೆರಳಿಟ್ಟು ಬೆಳೆದವಳು.

ಇಸವಿ ಎಪ್ಪತ್ತೈದರ ಬೇಸಿಗೆಯಲ್ಲಿ ಎಡಗೆನ್ನೆಯ ಒಳಗೆ ಹುಣ್ಣಾಯಿತು. ಮಿಶ್ರಿ ಒತ್ತಿದರೆ ಜುಮ್ಮೆಂದು ನೋವು ಮರೆಯುತ್ತಿತ್ತು. ಹಾಗಾಗಿ ಮೂರು ಹೊತ್ತೂ ಒತ್ತಿದಳು.

ಅವರ ಮನೆತನದ ಹೆಂಗಸರು ಡಾಕ್ಟರ ಎದುರು ಸೆರಗು ಸರಿಸುತ್ತಿರಲಿಲ್ಲ. ಅವರ ಬೇನೆಯನ್ನು ಗಂಡಸರು ಹೋಗಿ ಹೇಳುತ್ತಿದ್ದರು, ಔಷಧ ತರುತ್ತಿದ್ದರು. ಕಿರಾಣಿ ಅಂಗಡಿಯ ಶಾಂತಲಿಂಗಪ್ಪನೂ ಹೆಂಡತಿಯ ಹುಣ್ಣನ್ನು ತನ್ನ ಕೆನ್ನೆಯ ಮೇಲೆ ಬೆರಳಿಟ್ಟು ಡಾಕ್ಟರಿಗೆ ತೋರಿಸಿದ. ಉಷ್ಣವಾಗಿರಬೇಕೆಂದು ಅವರು ಹಚ್ಚಲು ನೀಲಿ ಔಷಧ ಕೊಟ್ಟರು. ದೀಪಾವಳಿಗೆ ಬಾಟಲಿ ಬದಲಾಯಿತು. ಸಂಕ್ರಾಂತಿಗೆ ಎಲ್ಲರಿಗೂ ಸಜ್ಜೆ ರೊಟ್ಟಿ ಬಡಿದು ತಾನು ಗಂಜಿ ಕುಡಿದಳು.

ಯುಗಾದಿಗೆ ಮುಂಬಯಿಯಿಂದ ನೀಲಗಂಗಾ ಬಂದಳು. ಹಿಂದಿನ ವರ್ಷ ಅವಳಿಗೂ ಇಂಥದೇ ಹುಣ್ಣಾಗಿತ್ತು. ಗಂಡ ದುಡಿಯುವ ಬಟ್ಟೆ ಗಿರಣಿಯ ದವಾಖಾನೆಯಲ್ಲಿ ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿ ಆವತ್ತೇ ದೊಡ್ಡ ಆಸ್ಪತ್ರೆಗೆ ಅಟ್ಟಿದ್ದಳು. ಕೊಯ್ದರು, ಗಡ್ಡೆ ಸುಡುವ ಮಶೀನಿನ ಕರೆಂಟು ಕೊಟ್ಟರು, ಕೆನ್ನೆಯ ಮೇಲೊಂದು ಗೆರೆ ಉಳಿಯಿತು. ಕ್ಯಾನ್ಸರ್ ಎಂಬ ಹೆಸರು ಹೊರಬಿದ್ದರೆ ಮಗಳ ಲಗ್ನ ನಿಂತೀತೆಂದು ಊರಿಗೆ ಕಾಗದದಲ್ಲಿ ಹಲ್ಲಿನ ಆಪರೇಶನ್ ಎಂದಷ್ಟೇ ಬರೆಸಿದ್ದಳು.

"ಅಕ್ಕಾ, ಬಾಯಿ ತೆರಿ."

"ಸಣ್ಣಾಕಿದ್ದಾಗ ಮುಚ್ಚಂದ್ರ ಮುಚ್ಚತಿರಲಿಲ್ಲ. ಈಗ ನನಗ ತೆರಿ ಅಂತಾಳ ನೋಡು," ಎಂದು ಕಸ್ತೂರಬಾಯಿ ನಗಲು ಹೋದಳು. ಬಾಯಿ ಒಂದು ಬೆರಳು ಹಿಡಿಸುವಷ್ಟೇ ತೆರೆಯಿತು. ಬಾಗಿ ನೋಡಿದ ನೀಲಗಂಗಾ ಮಿಶ್ರಿಯ ಡಬ್ಬಿ ಮುಚ್ಚಿ ದೂರ ಸರಿಸಿದಳು. ಆಮೇಲೆ ಮುಂಬಯಿಯಲ್ಲಿ ತನಗೆ ಆದದ್ದನ್ನೆಲ್ಲ ಹೇಳಿದಳು.

ಮರುದಿನ ಮೂವರೂ ಸೊಲ್ಲಾಪುರಕ್ಕೆ ಹೋದರು. ಅಲ್ಲಿನ ಡಾಕ್ಟರು ದವಡೆಯ ಕೆಳಗೆ ಒತ್ತಿ ನೋಡಿ, ಹೇಳಲು ಶಾಂತಲಿಂಗಪ್ಪನ ಕಡೆ ತಿರುಗಿದರು.

"ನನಗಽ ಹೇಳ್ರಿ," ಎಂದಳು ಕಸ್ತೂರಬಾಯಿ. "ನಮ್ಮ ತಂಗಿಗಾಗಿದ್ದೂ ಇದಽ ಏನ್ರಿ?"

"ಹೌದ್ರಿ."

"ಆಕಿ ಉಳದಾಳಲ್ರಿ."

"ಆಕಿದು ಬಟಾಣಿಯಷ್ಟು ಇದ್ದಾಗ ನೋಡ್ಯಾರ. ನಿಮ್ಮದು ಕುತ್ತಿಗಿಗೆ ಇಳದದ. ಆ ಕರೆಂಟಿನ ಮಶೀನು ನಮ್ಮಲ್ಲಿ ಇಲ್ಲ. ಮುಂಬಯಿಗೆ ಒಯ್ದರೂ ಈಗ ಬ್ಯಾನಿ ಕಡಿಮಿ ಮಾಡತಾರ, ಅಷ್ಟಽ."

ಹೊರಗೆ ಬೇವಿನ ನೆರಳಲ್ಲಿ ಶಾಂತಲಿಂಗಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. "ಆವಾಗಽ ನಿನ್ನ ಕರಕೊಂಡು ಹೋಗಬೇಕಾಗಿತ್ತು ನಾ."

"ನಾ ಖರೇ ಬರಸಬೇಕಾಗಿತ್ತು," ಎಂದಳು ನೀಲಗಂಗಾ.

ಕಸ್ತೂರಬಾಯಿ ಸೆರಗನ್ನು ಮತ್ತೆ ಬಾಯಿಯ ಮೇಲೆ ಎಳೆದುಕೊಂಡಳು. "ಕರಕೊಂಡು ಹೋಗಿದ್ರೂ ನಾ ಡಾಕ್ಟರ ಮುಂದ ಎಲ್ಲಿ ಬಾಯಿ ತೆರೀತಿದ್ದೆ, ನಮ್ಮ ಮನ್ಯಾಗ ಯಾರರ ಹಂಗ ತೋರಿಸ್ಯಾರೇನು..." ಎನ್ನುತ್ತಲೇ, ಅವರು ಬರುತ್ತಾರೋ ಇಲ್ಲವೋ ನೋಡದೆ, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.