ಸಹಿ ಹಾಕದ ಅಭ್ಯರ್ಥಿ

ಇಲ್ಲಿ ಗಲ್ಫಿನಲ್ಲಿ, ಬೌಷರ್ ಬಡಾವಣೆಯ ಮಾಲ್‌ನಲ್ಲಿ ಹಲ್ವಾ ಅಂಗಡಿಯ ಮುಂದೆ ಹಾದುಹೋಗುವಾಗ ಕೇಸರಿ, ಗುಲಾಬಿ ನೀರಿನ ಪರಿಮಳಕ್ಕೆ ನಿಮಗೆ ಬಾಯಲ್ಲಿ ನೀರೂರಬಹುದು. ಇವತ್ತು ಬೆಳಿಗ್ಗೆ ನನ್ನ ತಲೆ ತಗ್ಗಿತು. ಮಂಗಳೂರಿನ ನರ್ಸ್ ಲಿಲ್ಲಿ ಬಾಯಿ, ಮನೆಗೆಲಸದ ಹೆಂಗಸರ ಪಾಸ್‌ಪೋರ್ಟ್ ಬಿಡಿಸಿಕೊಳ್ಳಲು ಅವರ ಕಫೀಲ್‌ಗಳ, ಅಂದರೆ ವೀಸಾ ಕೊಟ್ಟ ಯಜಮಾನರ, ಮನೆಗೆ ಹಲ್ವಾ ಹಿಡಿದು ಹೋಗುತ್ತಿದ್ದರು. ಅದನ್ನು ನಾನು ಅನ್ಯಾಯದೊಂದಿಗಿನ ರಾಜಿ ಎನ್ನುತ್ತಿದ್ದೆ. ಪ್ರತಿ ತಪ್ಪನ್ನೂ ಹೆಸರು ಹಿಡಿದು ಕರೆಯುವುದು ಶಾಲಾದಿನಗಳಿಂದ ನಾನು ಸಾಕಿಕೊಂಡ ಹೆಮ್ಮೆ.

ತಪ್ಪುಗಳಿಗೇನೂ ಕೊರತೆಯಿರಲಿಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ತಪ್ಪು. ವಾರದ ರಜೆ ಕೊಡದಿರುವುದು ತಪ್ಪು. ನಮ್ಮ ಕನ್ನಡ ಸಂಘದ ಅಧ್ಯಕ್ಷರನ್ನು ಪ್ರತಿ ಸಲವೂ ಯಾರದೋ ಡ್ರಾಯಿಂಗ್ ರೂಮಿನಲ್ಲಿ ನಾಲ್ವರು ಗಂಡಸರು ‘ಸರ್ವಾನುಮತದಿಂದ’ ಆರಿಸುವುದು, ಹೆಂಗಸರು ಅವರಿಗೆ ಚಹಾ ಕೊಡುವುದು ಇನ್ನೂ ದೊಡ್ಡ ತಪ್ಪು. ಆದ್ದರಿಂದ ಏಳು ಮಂದಿ ಸುಧಾರಕರಾದ ನಾವು, ಮೊದಲು ನಮ್ಮೊಳಗೇ ಮತ ಹಾಕಿ ಒಬ್ಬರನ್ನು ಆರಿಸಿ, ಚುನಾವಣೆಗೆ ನಿಲ್ಲಿಸಲು ತೀರ್ಮಾನಿಸಿದೆವು. ಸೇರಿದ್ದು ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಇನ್ನೊಂದು ಡ್ರಾಯಿಂಗ್ ರೂಮಿನಲ್ಲೇ ಎಂಬುದು ನನಗೆ ಹೊಳೆಯಲಿಲ್ಲ.

ಆಕಾಂಕ್ಷಿಗಳು ಇಬ್ಬರು: ಲಿಲ್ಲಿ ಬಾಯಿ, ಮತ್ತು ಮೈಸೂರಿನ ಇಂಜಿನಿಯರ್ ಮೂರ್ತಿ. ನಾನು ಬರೆದ ಬಹಿರಂಗ ಪತ್ರಕ್ಕೆ ಸಹಿ ಹಾಕಿದವರಿಗೇ ನನ್ನ ಮತವೆಂದು ಸಾರಿದ್ದೆ. ಅಲ್ಲೇ ಒಂದು ಮನೆಯಲ್ಲಿ ಕೆಲಸಕ್ಕಿದ್ದ ಕುಂದಾಪುರದ ಗಿರಿಜಾ, ತಾಯಿ ಹಾಸಿಗೆ ಹಿಡಿದಿದ್ದರೂ ಊರಿಗೆ ಹೋಗಲಾಗದೆ ಕುಳಿತಿದ್ದಳು. ಪಾಸ್‌ಪೋರ್ಟ್ ಕೊಡದ ಅವಳ ಕಫೀಲ್‌ನ ಹೆಸರು ಆ ಪತ್ರದಲ್ಲಿತ್ತು. ಮೂರ್ತಿ ಕೂಡಲೇ ಸಹಿ ಹಾಕಿದರು.

“ನಿಮ್ಮ ಪತ್ರ ಓದ್ಲಿಕ್ಕೆ ಚಂದ ಉಂಟು ಮಾರಾಯ್ರೆ,” ಎಂದರು ಲಿಲ್ಲಿ ಬಾಯಿ. “ಗಿರಿಜಾಳ ಕಫೀಲ್‌ನ ಹೆಂಡತಿ ಹತ್ರ ಮಾತಾಡಿದ್ದೇನೆ. ಶುಕ್ರವಾರ ಕೊಡ್ತೇನೆ ಅಂದಿದ್ದಾಳೆ. ಈಗ ಹೆಸರು ಹೊರಗೆ ಬಿದ್ರೆ ಖಲಾಸ್.”

“ತತ್ವಕ್ಕಿಂತ ಹಲ್ವಾ ದೊಡ್ಡದೇ?” ಎಂದೆ. ಕೆಲವರು ನಕ್ಕರು.

“ನಿಮ್ಮ ತತ್ವಕ್ಕೆ ಶುಕ್ರವಾರದವರೆಗೆ ಕಾಯ್ಲಿಕ್ಕೆ ಆಗುದಿಲ್ವಾ?”

ಮತಗಳು ಮೂರು–ಮೂರು ಆದವು. ಏಳನೆಯದು ನನ್ನದು; ಮೂರ್ತಿಗೆ ಹಾಕಿದೆ. ಪತ್ರ ಅಂದೇ ಎಲ್ಲರ ವಾಟ್ಸಾಪ್ ತಲುಪಿತು. ಶುಕ್ರವಾರ ಲಿಲ್ಲಿ ಬಾಯಿಗೆ ಆ ಮನೆಯವರು ಬಾಗಿಲೇ ತೆರೆಯಲಿಲ್ಲ. ಗಿರಿಜಾಳ ಕೈಗೆ ಪಾಸ್‌ಪೋರ್ಟ್ ಬರುವ ಹೊತ್ತಿಗೆ ತಾಯಿಯ ಹದಿಮೂರನೆಯ ದಿನವೂ ಕಳೆದಿತ್ತು. ಸಂಘದ ಚುನಾವಣೆಯಲ್ಲಿ ಮೂರ್ತಿ ಗೆದ್ದರು. ನೂತನ ಅಧ್ಯಕ್ಷರ ಮೊದಲ ಸಂತಾಪ ನಿರ್ಣಯವನ್ನು ಬರೆದುಕೊಟ್ಟವನೂ ನಾನೇ.

ಈಗ ಮತ್ತೆ ಚುನಾವಣೆ. ಯಾರಿಗೆ ಬೆಂಬಲ ಎಂದು ನಮ್ಮವರು ಕೇಳುತ್ತಿದ್ದಾರೆ. ಮಾಲ್‌ನಿಂದ ಹೊರಬಂದವನೇ ಲಿಲ್ಲಿ ಬಾಯಿಗೆ ಫೋನ್ ಮಾಡಿ, ಈ ಸಲ ನೀವು ನಿಲ್ಲಬೇಕೆಂದೆ.

“ಪುರುಸೊತ್ತಿಲ್ಲ. ವಾದಿ ಅದಾಯ್‌ನಲ್ಲಿ ಒಬ್ಬಳ ಪಾಸ್‌ಪೋರ್ಟೂ ಹೀಗೇ ಇಟ್ಟುಕೊಂಡಿದ್ದಾರೆ. ನಿಮ್ಮ ಕಾರು ಸಿಗಬಹುದಾ?”

“ನಾನೂ ಬಂದು ಮಾತಾಡುತ್ತೇನೆ.”

“ಕಾರು ಸಾಕು ಮಾರಾಯ್ರೆ. ನೀವು ಹೊರಗೇ ಇರಿ.”

ಹೊರಗೇ ಇದ್ದೇನೆ, ವಾದಿ ಅದಾಯ್‌ನ ಆ ಮನೆಯೆದುರು, ಕಾರಿನಲ್ಲಿ. ಅವರು ಒಳಗೆ ಹೋಗಿ ಗಂಟೆ ಕಳೆಯಿತು. ಇಳಿದು ಹೋಗಿ ಕೇಳಬೇಕೆನಿಸುತ್ತದೆ. ಇಳಿಯುವುದಿಲ್ಲ.