ಹಸಿರು ದೀಪ ಹೇಳದ ಟುಕ್

ದೀಪ ಹಸಿರಾಗಿದ್ದರೆ ನಾನು ಯಾರ ಮಾತನ್ನೂ ಕೇಳುವವನಲ್ಲ ಎಂದು ಮೆರೆದ ಕಾಲವೊಂದಿತ್ತು.

ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಆಸ್ಪತ್ರೆ, ಜನ್ನಾಪುರದಲ್ಲಿದ್ದ ಅದರ ಶಾಖೆ, ಎರಡರ ಟೆಲಿಫೋನ್ ಪೆಟ್ಟಿಗೆಗಳನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಜನ್ನಾಪುರದಲ್ಲಿ ಕೂತು ಎರಡೂ ಕಡೆಯ ಹೊರಗಿನ ಕರೆ ಜೋಡಿಸುತ್ತಿದ್ದ ಆಪರೇಟರ್ ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ, ಬಾಯಿ ಮಾತ್ರ ಜೋರು. ಹೊರಗಿನ ಕರೆಗಳಲ್ಲಿ ಟುಕ್ ಎಂದು ಮಾತು ಹಾರುತ್ತಿದೆ, ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತಿದೆ ಎಂದು ದೂರು ಬಂತು. ಪೆಟ್ಟಿಗೆ ನೋಡಿದೆ, ದೀಪ ಹಸಿರು, ಅಂದರೆ ಎಲ್ಲ ಸರಿ! ಆಪರೇಟರೇ ತಪ್ಪು ಗುಂಡಿ ಒತ್ತುತ್ತಿದ್ದಾರೆ ಎಂದು ಬರೆದುಕೊಟ್ಟೆ. ಸೋಮವಾರದಿಂದ ಅಕ್ಕ ಬರುವುದು ಬೇಡ ಎಂದು ಮ್ಯಾನೇಜರು ಆದೇಶ ಬರೆಸಿದರು.

ಶನಿವಾರ ಜನ್ನಾಪುರಕ್ಕೆ ಹೋದಾಗ ಅಕ್ಕ ನನ್ನ ಹೆಜ್ಜೆ ಸದ್ದಿಗೇ ಗುರುತು ಹಿಡಿದರು.

"ಏನ್ ಮಾರಾಯ, ಇಷ್ಟು ವರ್ಷ ಒತ್ತಿದ ಗುಂಡಿ ಈಗ ಮರ್ತ್ಹೋಯ್ತಾ ನಂಗೆ? ಕೂತ್ಕೋ ಇಲ್ಲಿ."

ಹೆಡ್‌ಫೋನನ್ನು ನನ್ನ ಕಿವಿಗೆ ತುರುಕಿ ಶಿವಮೊಗ್ಗಕ್ಕೆ ಜೋಡಿಸಿದರು. ಮಾತು ಸ್ವಚ್ಛ. ಆಮೇಲೆ ಹೊರಗಿನ ಕರೆ. ಅಕ್ಕ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕೂತರು. ಅವರು "ಈಗ" ಎಂದಾಗಲೆಲ್ಲ ಟುಕ್!

"ನಾವ್ ನಾವೇ ಮಾತಾಡಿದ್ರೆ ಏನೂ ಇಲ್ಲ. ಹೊರಗಿನವ್ರು ಬಂದ್ರೆ ಟುಕ್. ಅದೂ ಲೆಕ್ಕ ಹಾಕಿದಂಗೆ. ನನ್ ಬೆರಳು ಇಷ್ಟು ಶಿಸ್ತಾಗಿ ತಪ್ಪು ಮಾಡುತ್ತಾ?"

ಆಗ ನನಗೆ ಹೊಳೆಯಿತು. ಡಿಜಿಟಲ್ ಫೋನು ಮಾತನ್ನು ಚೂರು ಚೂರು ಮಾಡಿ ಕಳಿಸುತ್ತದೆ. ಕಳಿಸುವ ಗಡಿಯಾರಕ್ಕೂ ಪಡೆಯುವ ಗಡಿಯಾರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆಗಾಗ ಒಂದು ಚೂರು ಜಾರಿಹೋಗುತ್ತದೆ. ಅದೇ ಟುಕ್. ಅದಕ್ಕೇ ಶಿವಮೊಗ್ಗದ ಪೆಟ್ಟಿಗೆ ಹೊರಗಿನ ಲೈನಿನ ಗಡಿಯಾರವನ್ನು ಅನುಸರಿಸಬೇಕು, ಜನ್ನಾಪುರದ್ದು ಶಿವಮೊಗ್ಗದ್ದನ್ನು. ಹಿಂದಿನ ತಿಂಗಳು ಪೆಟ್ಟಿಗೆಯೊಳಗಿನ ಕಾರ್ಡ್ ಬದಲಿಸುವಾಗ ನಾನು, ಮಹಾ ಜಾಣ, ಶಿವಮೊಗ್ಗಕ್ಕೆ ಜನ್ನಾಪುರವನ್ನೇ ಅನುಸರಿಸಲು ಹೇಳಿಟ್ಟಿದ್ದೆ. ಎರಡೂ ಒಂದರ ಮುಖ ಒಂದು ನೋಡಿಕೊಂಡು, ತಾವೇ ಸರಿ ಎಂದು ಹಸಿರು ದೀಪ ಹಚ್ಚಿಕೊಂಡು ಕೂತಿದ್ದವು.

ಸಿಕ್ಕಿದ ಬಸ್ಸು ಹತ್ತಿ ಸವಳಂಗ ರಸ್ತೆಗೆ ಓಡಿದೆ, ಸರಿಪಡಿಸಿದೆ. ನಾಚಿಕೆಯಿಂದ ಸಾಯುವಂತಾಗಿತ್ತು. ಮ್ಯಾನೇಜರ ಎದುರು ನಿಂತು ಹೊರಗಿನ ಕರೆಯಾಗಲೆಂದು ನನ್ನ ಮೊಬೈಲಿನಿಂದ ಅಕ್ಕನಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ.

"ತಪ್ಪು ನಂದೇ ಸಾರ್. ಅಕ್ಕಂದಲ್ಲ. ದೀಪ ಹಸಿರಿತ್ತು ಅಂತ ನಂಬ್ಬಿಟ್ಟೆ."

ಮ್ಯಾನೇಜರು ನನ್ನನ್ನು ಕೆಕ್ಕರಿಸಿ ನೋಡಿ ಆದೇಶವನ್ನು ಹರಿದು ಬುಟ್ಟಿಗೆ ಹಾಕಿದರು. ಅತ್ತ ಕಡೆ ಅಕ್ಕ ಮತ್ತೆ ಟುಕ್ ಲೆಕ್ಕ ಹಾಕುತ್ತಿದ್ದರು. ಬೆರಳಿನ ತಾಳ ಕೇಳುತ್ತಿತ್ತು. ಕೊನೆಗೆ ತಾಳ ನಿಂತಿತು.

"ಟುಕ್ ಇಲ್ಲ ಮಾರಾಯ," ಎಂದು ನಕ್ಕರು. "ನಂಗೆ ದೀಪ ಕಾಣಲ್ವಲ್ಲ, ಅದಕ್ಕೇ ಕೇಳಿಸ್ತು. ಸರಿ, ಇಡು. ಬೇರೆ ಕರೆ ಬರ್ತಿದೆ."