ಒದ್ದೆ ಸೊಪ್ಪು

ನಾನು ಮದುವೆಯಾಗಿ ಬಂದದ್ದು ಮಳವಳ್ಳಿಯಿಂದ ಕಿರುಗಾವಲಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ. ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ದೊಡ್ಡವರ ಹೆಂಡತಿ ನನ್ನ ಓರಗಿತ್ತಿ, ಚಿಕ್ಕವರ ಹೆಂಡತಿ ನಾನು, ನಮ್ಮಿಬ್ಬರ ಮೇಲೆ ಅತ್ತೆ. ಹೊಲದಲ್ಲಿ ರಾಗಿ, ಅದರ ಪಕ್ಕ ಒಂದಿಷ್ಟು ಹಿಪ್ಪುನೇರಳೆ, ಮನೆಯ ಹಿಂದಿನ ಕೋಣೆಯಲ್ಲಿ ರೇಷ್ಮೆಹುಳ. ನನ್ನ ತವರು ಹನಕೆರೆಯಲ್ಲಿ ಹುಳ ಸಾಕಿದವರಿರಲಿಲ್ಲ. ಮೊದಲ ದಿನ ಆ ಕೋಣೆಗೆ ಹೋದಾಗ ಸೋನೆ ಮಳೆ ಬಿದ್ದ ಹಾಗೆ ಸದ್ದು ಕೇಳಿಸಿತು. ಒಣಹಾಕಿದ ಬಟ್ಟೆ ನೆನೆಯುತ್ತದೆಂದು ಓಡಿ ಬಂದರೆ ಹೊರಗೆ ಸುಡು ಬಿಸಿಲು.

"ಉಳ ಸೊಪ್ಪು ತಿನ್ನೋ ಸದ್ದು ಕಣಮ್ಮಿ," ಅಂತ ಓರಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹುಳ ಸಾಕುವುದನ್ನು ನನಗೆ ಕಲಿಸಿದ್ದೇ ಅವಳು. ಎಳೇ ಹುಳಕ್ಕೆ ಸೊಪ್ಪು ಎಷ್ಟು ಸಣ್ಣಗೆ ಹೆಚ್ಚಬೇಕು, ಹುಳ ಬಿಟ್ಟ ಬಿದಿರಿನ ತಟ್ಟೆಯ ಕಸ ಹೇಗೆ ತೆಗೆಯಬೇಕು, ಒದ್ದೆ ಸೊಪ್ಪು ತಿಂದ ಹುಳ ಹೇಗೆ ಕೊಳೆತು ಸಾಯುತ್ತವೆ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಯಾಕೆ ಒಳಗೆ ಹೋಗಬಾರದು, ಎಲ್ಲ. ನಾನು ಅವಳನ್ನು ಬಾಯಿತುಂಬ ಅಕ್ಕ ಅನ್ನುತ್ತಿದ್ದೆ.

ಅಷ್ಟರಲ್ಲಿ ಲಡಾಯಿ ಶುರುವಾಯಿತು. ವಿಮಾನದಿಂದ ಧುಮುಕುವವರ ಛತ್ರಿಗೆ ರೇಷ್ಮೆ ಬೇಕಂತೆ ಎಂದು ಗೂಡು ಕೊಳ್ಳುವವರು ಮನೆ ಬಾಗಿಲಿಗೇ ಬರತೊಡಗಿದರು. ಅತ್ತೆ ಒಂದು ದಿನ ನನ್ನನ್ನು ಕರೆದು, "ಈ ಸಲ ನಿಂಗೂ ಬ್ಯಾರೆ ಉಳ, ನೀನೊಬ್ಳೇ ಬೆಳೆ ಮಾಡು. ಬಂದುದ್ದೆಲ್ಲ ನಿಂದೇಯ," ಅಂದರು. ನನ್ನದು ಅಂತ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ವಸ್ತು ಆ ಹುಳ. ಕೂಸು ನೋಡಿಕೊಂಡ ಹಾಗೆ ನೋಡಿಕೊಂಡೆ.

ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು, ಆಗ ಮದ್ದೂರಿನಲ್ಲಿ ನನ್ನ ಚಿಕ್ಕಮ್ಮನ ಮಗಳ ಮದುವೆ ಬಂತು. ಹೋಗದೆ ಇರುವಂತಿರಲಿಲ್ಲ. ಓರಗಿತ್ತಿಯ ಹುಳ ಆಗಲೇ ಗೂಡು ಕಟ್ಟಿ ಮುಗಿದಿದ್ದರಿಂದ ಅವಳಿಗೆ ಒಪ್ಪಿಸಿದೆ.

"ಮಳೆ ಬಂದ್ರೆ ಸೊಪ್ಪ ಒರೆಸಿ ಆಕಕ್ಕ."

"ನಂಗೇ ಏಳ್ಕೊಡ್ತೀಯಾ? ಓಗು, ಓಗು."

ಮದುವೆಯಲ್ಲಿ ಊಟಕ್ಕೆ ಕೂತಾಗಲೇ ಮಳೆ ಹಿಡಿಯಿತು. ಮೂರು ದಿನ ಬಿಟ್ಟು ತಿರುಗಿ ಬಂದಾಗ ಕೋಣೆಯ ಬಾಗಿಲಲ್ಲೇ ವಾಸನೆ ಬಡಿಯಿತು. ಹುಳ ಮೆತ್ತಗಾಗಿ, ಕಪ್ಪಾಗಿ, ತಟ್ಟೆಯ ಅಂಚಿನಲ್ಲಿ ಜೋತು ಬಿದ್ದಿದ್ದವು. "ಸೊಪ್ಪು ಒದ್ದೆ ಇತ್ತು, ನಾನೇ ಕಂಡೆ," ಎಂದು ಅತ್ತೆ ಮೆಲ್ಲಗೆ ಹೇಳಿದರು. ಓರಗಿತ್ತಿ ನನ್ನ ಮುಖ ನೋಡಲಿಲ್ಲ. "ಉಳದ ಅಣೆಬರ. ಯಾರೇನು ಮಾಡಕ್ಕಾಯ್ತದೆ," ಅಂದು ಸೊಂಟಕ್ಕೆ ತನ್ನ ಮಗುವನ್ನು ಏರಿಸಿಕೊಂಡು ಹೊರಟುಹೋದಳು. ತಟ್ಟೆಗಳನ್ನೆಲ್ಲ ನಾನೊಬ್ಬಳೇ ತಿಪ್ಪೆಗೆ ಸುರಿದು ಬಂದೆ.

ಆವತ್ತಿನಿಂದ ಮಾತು ಬಿಟ್ಟೆ. ಒಂದೇ ಒಲೆ, ಒಂದೇ ಬಚ್ಚಲು, ಮಾತಿಲ್ಲ. ಆದರೆ ಮನೆಗೆಲಸ ನಡೆಯಬೇಕಲ್ಲ, ಅದಕ್ಕೆ ಕೊಟ್ಟಿಗೆಯ ಎಮ್ಮೆ ಸಿಕ್ಕಿತು. "ಎಮ್ಮೇ, ಇವತ್ತು ನೀರು ತರೋರು ಯಾರಂತೆ?" ಅಂತ ನಾನು ಕೇಳುವುದು. "ಎಮ್ಮೇ, ನೆನ್ನೆ ನಾನೇ ತಂದಿದ್ದೆ ಅಂತೇಳು," ಅಂತ ಅವಳು. ಗಂಡಸರಿಗೆ ತಮಾಷೆ, ಅತ್ತೆಗೆ ತಲೆನೋವು.

ಅವಳು ಒಂದು ಸಲ ತಪ್ಪಾಯ್ತು ಅಂದಿದ್ದರೆ ಸಾಕಿತ್ತು ಎಂದು ನಾನು ಬಾವಿಯ ಹತ್ತಿರ ಹೇಳಿದೆ, ಕಳೆ ಕೀಳುವಾಗ ಹೇಳಿದೆ, ಇದ್ದಿಲು ಉರಿಸಿ ಓಡಿಸುತ್ತಿದ್ದ ಮದ್ದೂರಿನ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಹೇಳುತ್ತ ಹೇಳುತ್ತ ಸತ್ತ ಹುಳದ ತಟ್ಟೆಗಳು ಹೆಚ್ಚುತ್ತಾ ಹೋದವು. ಹನಕೆರೆಯಲ್ಲಿ ಅವ್ವನ ಮುಂದೆ ಮತ್ತೆ ಶುರುಮಾಡಿದಾಗ ಅವಳು ಮೊರದಲ್ಲಿ ಕಾಳು ಕೇರುವುದನ್ನು ನಿಲ್ಲಿಸಿದಳು.

"ಸತ್ತೋದ ಉಳಕ್ಕೆ ಇನ್ನೂ ಏಸು ದಿನ ಸೊಪ್ಪಾಕ್ತೀಯೆ ಮಗಾ? ಬುಟ್ಟಾಕು."

ನನಗೆ ಅವ್ವನ ಮೇಲೂ ಸಿಟ್ಟು ಬಂತು. ಊಟ ಸರಿಯಾಗಿ ಮಾಡದೆ ರೈಲು ಹತ್ತಿದೆ.

ಮಾರನೇ ವರ್ಷದ ಮಳೆಗಾಲದಲ್ಲಿ ಓರಗಿತ್ತಿಗೆ ಚಳಿಜ್ವರ ಬಂತು. ಗಂಡಸರು ಗಾಡಿ ಕಟ್ಟಿಕೊಂಡು ಮಳವಳ್ಳಿಗೆ ಔಷಧಿ ತರಲು ಹೋಗಿದ್ದರು. ಅತ್ತೆ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ನಾನು ರಾಗಿಹಿಟ್ಟು ಜರಡಿ ಆಡುತ್ತಿದ್ದೆ. ಹೊರಗೆ ತುಂತುರು. ಇದ್ದಕ್ಕಿದ್ದಂತೆ ಗಮನಕ್ಕೆ ಬಂತು, ಹಿಂದಿನ ಕೋಣೆಯಿಂದ ಸದ್ದೇ ಇಲ್ಲ. ಅವಳ ಹುಳ ಹಣ್ಣಾಗುವುದಕ್ಕೆ ಬಂದಿದ್ದವು, ಹಸಿವು ತಡೆಯದ ಕಾಲ ಅದು. ನನಗೆ ಯಾರೂ ಹೋಗು ಅನ್ನಲಿಲ್ಲ. ಸ್ವಲ್ಪ ಹೊತ್ತು ಜರಡಿ ಆಡಿದೆ. ಆಮೇಲೆ ಕುಕ್ಕೆ ಹಿಡಿದು ಹೊಲಕ್ಕೆ ಹೋದೆ.

ತಂದ ಸೊಪ್ಪಿನಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಕೋಣೆಯ ಹೊಸ್ತಿಲಲ್ಲಿ ಕೂತು ಹಳೇ ಸೀರೆಯಿಂದ ಒಂದೊಂದೇ ಎಲೆ ಒರೆಸಿದೆ. ಎಷ್ಟು ಒರೆಸಿದರೂ ಗುಡ್ಡೆ ಕರಗಲಿಲ್ಲ. ಒಳಗೆ ಹುಳ ತಲೆ ಎತ್ತಿ ಎತ್ತಿ ಹುಡುಕುತ್ತಿದ್ದವು, ನಡುಮನೆಯಲ್ಲಿ ಮಗು ಕಿರುಚುತ್ತಿತ್ತು. ಸಾಕಪ್ಪ, ಇದೊಂದು ಹಿಡಿ ಹೀಗೇ ಹಾಕಿಬಿಡೋಣ ಅನ್ನಿಸಿ ಒದ್ದೆ ಸೊಪ್ಪಿಗೆ ಕೈ ಹಾಕಿದೆ. ಹಾಕಿದ ಕೈ ಅಲ್ಲೇ ನಿಂತಿತು. ಆ ದಿನ ಅವಳೂ ಇಲ್ಲೇ, ಹೀಗೇ ಕೂತಿದ್ದಳು ಎಂಬುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಹೊಸ್ತಿಲಿನಾಚೆ ಗೋಡೆಯ ಪಕ್ಕ ಕಂಬಳಿ ಹೊದ್ದು ಮಲಗಿದ್ದ ಓರಗಿತ್ತಿಯ ದನಿ ಬಂತು.

"ಒದ್ದೆ ಸೊಪ್ಪಾಕ್ಬ್ಯಾಡ ಕಣಮ್ಮಿ."

ಅಷ್ಟು ದಿನದ ಮೇಲೆ ಅವಳು ನನಗೇ ಆಡಿದ ಮೊದಲ ಮಾತು ಅದು! ಸಿಟ್ಟು ಬರಬೇಕಿತ್ತು, ನಗು ಬಂತು.

"ನಂಗೇ ಏಳ್ಕೊಡ್ತೀಯಾ ಅಕ್ಕ?"

ಕಂಬಳಿ ಗಡಗಡ ಅಲುಗಿತು. ಚಳಿ ಜಾಸ್ತಿಯಾಯಿತೇನೋ ಅಂತ ಹತ್ತಿರ ಹೋಗಿ ಮುಸುಕು ಸರಿಸಿದರೆ ಅವಳು ನಗುತ್ತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಅವತ್ತು ಮಗೀಗೆ ವಾಂತಿ ಬೇದಿ," ಅಂದಳು. "ಒರೆಸ್ದೆ, ಒರೆಸ್ದೆ, ಸಾಕಾಗೋಯ್ತು. ನಿನ್ಮುಂದೆ ಏಳಕ್ಕೆ ಬಾಯೇ ಬರ್ನಿಲ್ಲ."

"ಬುಡಕ್ಕ. ನೀನು ಮಲೀಕೊ."

ತಪ್ಪಾಯ್ತು ಅನ್ನುವ ಮಾತನ್ನು ಅವಳು ಆಗಲೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಅದು ಬೇಕು ಅಂತ ನನಗೂ ಅನ್ನಿಸಲಿಲ್ಲ. ಸಿಟ್ಟು ಒಂದೇ ಗಳಿಗೆಯಲ್ಲಿ ಹೋಯಿತು ಎಂದರೆ ಸುಳ್ಳಾದೀತು. ತಿಪ್ಪೆಯ ಪಕ್ಕ ಹಾಯುವಾಗ ಕೆಲವು ದಿನ ಒಳಗೆ ಚುರುಕ್ಕೆನ್ನುತ್ತಿತ್ತು. ಆದರೆ ಆ ಕಥೆ ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಬಾವಿಯ ಹತ್ತಿರ ಯಾರೋ ಕೆದಕಿದಾಗ, "ಮಗೀಗೆ ಉಷಾರಿರ್ನಿಲ್ಲ ಕಣವ್ವ," ಅಂತ ನಾನೇ ಅವಳ ಪರ ಮಾತಾಡಿಬಿಟ್ಟೆ. ಕೊಡ ಹೊತ್ತು ಬರುವಾಗ ಮೈ ಹಗುರವಾಗಿತ್ತು.

ಆ ಸಲ ಅವಳ ಹುಳ ಚೆನ್ನಾಗಿ ಗೂಡು ಕಟ್ಟಿದವು. ಮೈ ಸರಿಹೋದ ಮೇಲೆ ಇಬ್ಬರೂ ಕೂತು ಗೂಡು ಬಿಡಿಸಿದೆವು, ಗಾಡಿಯಲ್ಲಿ ಮಳವಳ್ಳಿಗೆ ಹೋಗಿ ನೂಲು ತೆಗೆಯುವ ಸಾಬರ ಮನೆಗೆ ಹಾಕಿ ಬಂದೆವು. ಸಾಬರ ಹೆಂಡತಿ ಗೂಡನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿ, ಚೆನ್ನಾಗಿದೆ ಎಂದು ತಲೆಯಾಡಿಸಿದಳು, ನಮ್ಮಿಬ್ಬರಿಗೂ ಎಲೆ ಅಡಿಕೆ ಕೊಟ್ಟಳು. ಬರುವ ದಾರಿಯುದ್ದಕ್ಕೂ ಮಾತು. ಒಂದೂಕಾಲು ವರ್ಷ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಯಾರ ಮನೆಯ ಸೊಸೆ ಹೇಗೆ, ಯಾವ ಊರಿನ ಕಡಲೆಕಾಯಿ ರುಚಿ, ನಮ್ಮ ಗಂಡಂದಿರ ಗೊರಕೆ, ಏನೆಲ್ಲ.

ಮನೆಗೆ ಬಂದು ಒಲೆಯ ಮುಂದೆ ಕೂತರೂ ನಮ್ಮ ಮಾತು ಮುಗಿಯಲಿಲ್ಲ. ಹುರಿಯಲು ಇಟ್ಟಿದ್ದ ಅವರೆಕಾಳು ಸೀದು ಹೊಗೆ ಎದ್ದಿತು. ಅತ್ತೆ ಒಳಗಿನಿಂದ ಕೂಗಿದರು, "ಥೂ, ನಿಮ್ ಬಾಯಿಗೆ! ಜಗಳ ಆಡ್ಕೊಂಡಿದ್ದಾಗ್ಲೇ ಮನೆ ನೆಮ್ಮದಿಯಾಗಿತ್ತು ಕಣ್ರೇ."

ಓರಗಿತ್ತಿ ಕರಕಲಾದ ಕಾಳನ್ನು ಪಕ್ಕಕ್ಕೆ ಆರಿಸಿ, ಚೆನ್ನಾಗಿರುವುದನ್ನು ನನ್ನ ಮಡಿಲಿಗೆ ಸುರಿದಳು. ಬಿಸಿಬಿಸಿ ತಿಂದೆವು.